ಗಂಧದೆಣ್ಣೆಯ ಪಾಠ: ಮೈಸೂರು ಸರ್ಕಾರ ವಿಜ್ಞಾನನೀತಿಯನ್ನು ಕಲಿತ ಬಗೆ

ಮೈಸೂರು ಸಂಸ್ಥಾನದ ಆಡಳಿತವು ವಿಜ್ಞಾನವನ್ನು ರಾಜ್ಯಭಾರದ ಸಾಧನವಾಗಿಸಿಕೊಳ್ಳಲು ಮೊದಲು ಹಿಡಿದದ್ದು ಬಲ್ಲವರನ್ನು ಹೊರನಾಡಿಗೆ ಕಳುಹಿಸುವ ದಾರಿಯನ್ನು. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಯೂರೋಪು, ಅಮೆರಿಕಗಳ ವಿದ್ಯುದಾಗಾರಗಳನ್ನು ಕಂಡು ಬಂದ ಬಳಿಕವೇ ಶಿವನಸಮುದ್ರದ ಯೋಜನೆ ಕೈಗೂಡಿ, 1902ರಲ್ಲಿ ಅಲ್ಲಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು.

1911ರಲ್ಲಿ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸ್ಥಾಪಿತವಾದ ಮೈಸೂರು ಸಂಪದಭ್ಯುದಯ ಸಮಾಜವು ಈ ಕಲಿಕೆಗೆ ಬೇರೊಂದು ಸ್ವರೂಪ ಕೊಟ್ಟಿತು. ಸಂಪದಭ್ಯುದಯವೆಂದರೆ ನಾಡಿನ ಸಂಪತ್ತಿನ ಏಳಿಗೆ. ಅದಕ್ಕಾಗಿ ವಿದ್ಯಾಭ್ಯಾಸಕ್ಕೊಂದು, ವ್ಯವಸಾಯಕ್ಕೊಂದು, ಕೈಗಾರಿಕೆ ಮತ್ತು ವಾಣಿಜ್ಯಗಳೆರಡಕ್ಕೂ ಸೇರಿ ಒಂದು, ಹೀಗೆ ಮೂರು ಸಮಿತಿಗಳು ರಚನೆಯಾದವು. ಅಧಿಕಾರಿಗಳ ಜೊತೆಗೆ ಸರ್ಕಾರಿ ಸೇವೆಯಲ್ಲಿಲ್ಲದ ಗೃಹಸ್ಥರೂ ಸದಸ್ಯರಾಗಿ ಕುಳಿತದ್ದೇ ಈ ಸಂಸ್ಥೆಯ ನಿಜವಾದ ಹೊಸತನ, ಏಕೆಂದರೆ ಕಚೇರಿಯ ಕಡತಕ್ಕೆ ನಿಲುಕದ ಎಷ್ಟೋ ಸಂಗತಿಗಳು ಬೆಳೆಗಾರರಿಗೂ ವರ್ತಕರಿಗೂ ಗೊತ್ತಿದ್ದವು.

ಆದರೆ ಚರ್ಚೆಯೊಂದರಿಂದಲೇ ನೀತಿ ಹುಟ್ಟುವುದಿಲ್ಲವೆಂಬುದನ್ನು ಶ್ರೀಗಂಧದ ಪ್ರಕರಣ ತೋರಿಸಿತು. ಗಂಧದ ಮರ ಸರ್ಕಾರದ ಸ್ವತ್ತಾಗಿದ್ದು, ಕೊರಡುಗಳು ಹರಾಜಿನ ಮೂಲಕ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಬೆಲೆಬಾಳುವ ಕೆಲಸವೆಲ್ಲ ಪರದೇಶದಲ್ಲಿ ನಡೆಯುತ್ತಿದ್ದರೂ ಹರಾಜಿನ ಹಣ ಬರುತ್ತಿದ್ದಷ್ಟು ಕಾಲ ಆ ನಷ್ಟ ಖಜಾನೆಯ ಕಣ್ಣಿಗೆ ಬೀಳುವಂತಿರಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ಮಾರುಕಟ್ಟೆ ಮುಚ್ಚಿದಾಗ, ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಮತ್ತು ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಆಡಳಿತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯತ್ತ ತಿರುಗಿತು. ಆ ಸಂಸ್ಥೆಗೆ ಮೈಸೂರು ಸರ್ಕಾರ 1907ರಲ್ಲಿಯೇ 371 ಎಕರೆ ಭೂಮಿ ಕೊಟ್ಟಿತ್ತು. ಯಾವ ಪ್ರಯೋಜನ ಒದಗೀತೆಂದು ಮುಂಚಿತವಾಗಿ ತಿಳಿಯದೆ ಮಾಡಿದ ಇಂಥ ವೆಚ್ಚವೇ ದೂರದೃಷ್ಟಿಯದೆಂದು ಹೇಳಬೇಕಾಗುತ್ತದೆ. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್ಬರೋ ಮತ್ತು ವಾಟ್ಸನ್ ಅವರು ಬಟ್ಟಿಯಿಳಿಸುವಿಕೆಯ, ಅಂದರೆ ಆವಿಯೊಡನೆ ಎಣ್ಣೆಯನ್ನು ಹೊರಡಿಸಿ ತಣಿಸಿ ಸಂಗ್ರಹಿಸುವ ಕ್ರಮದ, ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಕೆಲಸ ಆರಂಭಿಸಿದವು.

ಎಣ್ಣೆಯ ಬೆನ್ನಿಗೆ ಸಾಬೂನಿನ ಯೋಚನೆ ಬಂದಿತು. ಎಸ್. ಜಿ. ಶಾಸ್ತ್ರಿಯವರು ಸಾಬೂನು ತಯಾರಿಕೆಯ ವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ತೆರಳಿದರು. ಹಳೆಯ ದಾರಿಯೇ ಆದರೂ, ಈ ಬಾರಿ ಏನನ್ನು ಕಲಿತು ಬರಬೇಕೆಂಬುದು ಹೊರಡುವ ಮೊದಲೇ ನಿಶ್ಚಯವಾಗಿತ್ತು.