ಗಾಲ್ವೆಸ್ಟನ್ ಬಂದರು ಮತ್ತು ಹಳದಿ ಜ್ವರ



ಟೆಕ್ಸಾಸ್ ಕರಾವಳಿಯ ಗಾಲ್ವೆಸ್ಟನ್ ನಮ್ಮಲ್ಲಿ ಅನೇಕರಿಗೆ ವಿಹಾರನೌಕೆ ಹತ್ತುವ ಊರು. ಅದೇ ಬಂದರಿನಲ್ಲಿ ಧಾನ್ಯ, ಟ್ರ್ಯಾಕ್ಟರು, ಗಾಳಿಯಂತ್ರದ ರೆಕ್ಕೆಗಳೂ ಏರಿಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಹತ್ತಿ ಹೊರಡುತ್ತಿತ್ತು, ವಲಸೆಗಾರರು ಬಂದಿಳಿಯುತ್ತಿದ್ದರು. ಹಡಗುಗಳೊಡನೆ ಹಳದಿ ಜ್ವರವೂ ಇಳಿಯಿತು. ವೈದ್ಯವೃತ್ತಿಯವರಾದ ನಮ್ಮನ್ನು ಈ ಬಂದರಿನ ಚರಿತ್ರೆಯಲ್ಲಿ ಹೆಚ್ಚು ಕಾಡುವುದು ಆ ಅಧ್ಯಾಯವೇ.

1839ರಲ್ಲಿ, ಟೆಕ್ಸಾಸ್ ಇನ್ನೂ ಪ್ರತ್ಯೇಕ ಗಣರಾಜ್ಯವಾಗಿದ್ದಾಗ, ಈ ಜ್ವರ ಊರನ್ನು ಹೊಕ್ಕಿತು. ಕಣ್ಣು, ಚರ್ಮ ಹಳದಿಗಟ್ಟಿ, ಕಡೆಗೆ ರೋಗಿ ಕಪ್ಪನೆಯ ವಾಂತಿ ಮಾಡಿಕೊಳ್ಳುತ್ತಿದ್ದ. ಜಠರದಲ್ಲಿ ಒಸರಿದ ರಕ್ತವದು. ಅಲ್ಲಿ ಚಿಕಿತ್ಸೆಗೆ ನಿಂತ ಡಾ. ಆಶ್‌ಬೆಲ್ ಸ್ಮಿತ್, ರೋಗವು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲವೆಂದು ತೋರಿಸಲು ಆ ವಾಂತಿಯನ್ನೇ ನಾಲಗೆಗೆ ತಾಗಿಸಿ ರುಚಿ ನೋಡಿದರು. (ಊಟಕ್ಕೆ ಮುನ್ನ ಆಡುವ ಮಾತಲ್ಲ, ಕ್ಷಮಿಸಬೇಕು.) ಶವಪರೀಕ್ಷೆ ನಡೆಸಿ, ಕಂಡದ್ದನ್ನು ಬರೆದು ಪ್ರಕಟಿಸಿದರು. ಧೈರ್ಯ ಮೆಚ್ಚತಕ್ಕದ್ದು, ತೀರ್ಮಾನ ಮಾತ್ರ ಅರ್ಧ ಸತ್ಯ. ಮುಟ್ಟಿದರೆ ಅಂಟದು, ನಿಜ. ಆದರೆ ಹಡಗು ಅದನ್ನು ಹೊತ್ತು ತರಬಲ್ಲದು. ನಾವಿಕರ ಕುಡಿಯುವ ನೀರಿನ ಪೀಪಾಯಿಗಳಲ್ಲಿ ಸೊಳ್ಳೆಮರಿಗಳು ಸಮುದ್ರ ದಾಟುತ್ತಿದ್ದವು. ದ್ವೀಪದ ಮನೆಮನೆಯಲ್ಲೂ ಮಳೆನೀರಿನ ತೊಟ್ಟಿಗಳಿದ್ದವು.

ಇದು ತಿಳಿಯದೆ ಬಂದರುಗಳು ಹಡಗುಗಳನ್ನು ತಡೆದವು, ಸರಕಿಗೆ ಹೊಗೆ ಹಾಕಿದವು. 1867ರಲ್ಲಿ ಗಾಲ್ವೆಸ್ಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೊಳ್ಳೆಯೇ ಕಾರಣವೆಂದು ಹವಾನಾದ ಡಾ. ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು, ಬಹುಮಂದಿ ನಂಬಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ತಂಡ ಅದನ್ನು ಪ್ರಯೋಗದಿಂದ ಸಿದ್ಧಪಡಿಸಿತು. ಅದೇ ವರ್ಷ ಸೆಪ್ಟೆಂಬರ್ 8ರ ಚಂಡಮಾರುತ ಗಾಲ್ವೆಸ್ಟನ್ನಿನಲ್ಲಿ ಕನಿಷ್ಠ 6,000 ಜನರನ್ನು ಬಲಿ ತೆಗೆದುಕೊಂಡಿತು. ಆ ಕಥೆಗೆ ಬೇರೆಯೇ ಉಪನ್ಯಾಸ ಬೇಕು.

ಹಳದಿ ಜ್ವರದ ಈಡಿಸ್ ಸೊಳ್ಳೆ ನಮಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಡೆಂಗಿ ಹರಡುವುದೂ ಅದೇ. ಸೊಳ್ಳೆ ಭಾರತದಲ್ಲಿದೆ, ಹಳದಿ ಜ್ವರದ ವೈರಾಣು ನೆಲೆಗೊಂಡಿಲ್ಲ. ಆಫ್ರಿಕದ ರೋಗಪೀಡಿತ ದೇಶಗಳಿಂದ ಬರುವವರ ಬಳಿ ಲಸಿಕೆಯ ಹಳದಿ ಪುಸ್ತಿಕೆಯನ್ನು ಕೇಳುವುದು ಇದಕ್ಕಾಗಿಯೇ. ಊರಿಗೆ ಹೋಗುವಾಗ ಆ ದಾರಿ ಹಿಡಿಯುವವರು ಇದನ್ನು ಮರೆಯಬಾರದು.

ಹಡಗು ತಡೆಯುವ ಕಾಲ ಮುಗಿಯಿತೆಂದು ನಾವೆಲ್ಲ ಭಾವಿಸಿದ್ದೆವು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಗಾಲ್ವೆಸ್ಟನ್ನಿನ ವಿಹಾರನೌಕೆಗಳು ನಿಂತವು. ಮತ್ತೆ ಪ್ರವಾಸಿಗರನ್ನು ಹತ್ತಿಸಿಕೊಂಡದ್ದು 2021ರ ಜುಲೈನಲ್ಲಿ. ಸರಕಿನ ಹಡಗುಗಳು ಮಾತ್ರ ಅಷ್ಟೂ ದಿನ ಬರುತ್ತಲೇ ಇದ್ದವು.