ಅಗ್ಗಕ್ಕೆ ಹೋದ ಅಮೃತಮಹಲ್

ಚಿಕ್ಕಂದಿನಲ್ಲಿ ಅಜ್ಜನ ಜೊತೆ ಬೀರೂರಿನ ದನದ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ಬೆಳಗಿನ ಬೆಲೆಯೇ ಬೇರೆ, ಸಂಜೆಯ ಬೆಲೆಯೇ ಬೇರೆ. ಬೆಳಿಗ್ಗೆ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವಾಗ ಎತ್ತಿನ ಒಡೆಯ ಬಿಗಿಯಾಗಿ ನಿಂತಿರುತ್ತಾನೆ. ಹೊತ್ತು ಇಳಿದಂತೆ ಅವನ ಬಿಗಿಯೂ ಇಳಿಯುತ್ತದೆ. ತಂದ ಹುಲ್ಲು ಮುಗಿದಿದೆ, ಎತ್ತುಗಳನ್ನು ಮತ್ತೆ ಊರಿಗೆ ಹೊಡೆದುಕೊಂಡು ಹೋಗಬೇಕು, ಮನೆಯಲ್ಲಿ ಸಾಲದವನು ಕಾಯುತ್ತಿದ್ದಾನೆ. ಆ ಹೊತ್ತಿಗೆ ಮೆಲ್ಲಗೆ ಹತ್ತಿರ ಬಂದು ಕೇಳುವವನು ಅನೇಕ ಸಲ ಉಳುವ ರೈತನಲ್ಲ. ಬೆಳಗಿನಿಂದ ಪಕ್ಕದ ಗೊಂತಿನಲ್ಲಿ ತನ್ನ ಜೋಡಿ ಕಟ್ಟಿಕೊಂಡು ನಿಂತಿದ್ದ ಇನ್ನೊಬ್ಬ ಮಾರಾಟಗಾರ! ನಮ್ಮ ಎತ್ತಿನ ಗುಣ ಅವನಷ್ಟು ಚೆನ್ನಾಗಿ ಯಾರೂ ನೋಡಿರುವುದಿಲ್ಲ. ಸಂಜೆಯ ಬೆಲೆಗೆ ಕೊಂಡರೆ ಮುಂದಿನ ಸಂತೆಯಲ್ಲಿ ಎರಡೂ ಜೋಡಿ ಅವನವೇ, ಬೆಲೆಯೂ ಅವನದೇ.

ಒಂದು ಬರದ ವರ್ಷ ಅಜ್ಜನೂ ಹೀಗೆ ಮಾರಿ ಬಂದರು. ಮುಂದೆ ಅಂತರಘಟ್ಟೆ ಜಾತ್ರೆಗೆ ಹೋದಾಗ ಆ ಎತ್ತುಗಳು ಬೇರೊಬ್ಬರ ಗಾಡಿಗೆ ಕಟ್ಟಿಕೊಂಡು ಬಂದವು. ಅಜ್ಜ ಹೋಗಿ ಕೇಳಿದರು. ಹೇಳಿದ ಬೆಲೆ ಹೆಚ್ಚುಕಡಿಮೆ ಎರಡರಷ್ಟಿತ್ತು. ಅಜ್ಜ ಎತ್ತಿನ ಬೆನ್ನು ಸವರಿ ಸುಮ್ಮನೆ ಬಂದು ಕುಳಿತರು.

ಈ ಸಂಗತಿ ನನಗೆ ಮತ್ತೆ ನೆನಪಾದದ್ದು ಮೈಸೂರು ಗೆಜೆಟಿಯರ್ ಓದುವಾಗ. ಒಂದು ಸರ್ಕಾರವೇ ಹೀಗೆ ಸಂಜೆಯ ಬೆಲೆಗೆ ದನ ಮಾರಿ, ಆರು ವರ್ಷದಲ್ಲಿ ಮತ್ತೆ ಕೊಳ್ಳಲು ಹೊರಟ ಕಥೆ ಅದರಲ್ಲಿದೆ. ಆ ದನಗಳ ಸಂತತಿ ಇವತ್ತಿಗೂ ನಮ್ಮ ಅಜ್ಜಂಪುರದಲ್ಲಿ ಮೇಯುತ್ತಿದೆ.

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಬಿಡಿಸಿ ಅರಮನೆಯ ದನಗಳಿಗೆ ಗೊತ್ತುಮಾಡಿದರು. ಆ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರು. ಹೆಸರು ಬೆಣ್ಣೆಯದಾದರೂ ಕಾಲ ಕಳೆದಂತೆ ಕೆಲಸ ಯುದ್ಧದ್ದಾಯಿತು. ಹೈದರಾಲಿ ಈ ಎತ್ತುಗಳನ್ನು ತೋಪು ಎಳೆಯಲು, ಸಾಮಾನು ಸಾಗಿಸಲು ಹೂಡಿದ. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ದನ ಸಾಕುವ ನಿಯಮಗಳ ಹುಕುಂನಾಮೆ ಹೊರಡಿಸಿದ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು. ಹಿಂಡಿನ ಜೊತೆ ತಿರುಗುವ ಸೇರ್ವೆಗಾರರು. ಈ ದನ ಕೊಟ್ಟಿಗೆಯಲ್ಲಿ ಬೆಳೆದದ್ದಲ್ಲ. ಬಯಲಲ್ಲಿ ಹುಟ್ಟಿ, ಬಯಲಲ್ಲಿ ಬೆಳೆದು, ಹಗ್ಗ ಕಂಡರೆ ಕೊಂಬು ಬೀಸುವಂಥದ್ದು.

ಅದರ ನಡಿಗೆಯ ಬಗ್ಗೆ ಗೆಜೆಟಿಯರ್ ಹೇಳುವುದನ್ನು ಕೇಳಿ. ಹೈದರ್ ಚಿದಂಬರದ ನೆರವಿಗಾಗಿ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದದ್ದು, ಸೋತಾಗಲೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳೆದುಕೊಂಡು ಪಾರಾದದ್ದು, ಟಿಪ್ಪು ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನೇ ದಾಟಿ ಬಿದನೂರನ್ನು ಮರಳಿ ಪಡೆಯಲು ಬಂದದ್ದು, ಎಲ್ಲವೂ ಈ ಎತ್ತುಗಳ ಬಲದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು, ತನ್ನ ದಂಡಯಾತ್ರೆಗಳಿಗೆ ಇವನ್ನೇ ಹೂಡಿದ. ಎದುರಾಳಿಯ ಕೈಯಲ್ಲಿದ್ದಾಗ ಈ ಎತ್ತಿನ ಬೆಲೆ ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. 1813ರಲ್ಲಿ ಅವರು ಇಲಾಖೆಯನ್ನು ತಾವೇ ವಹಿಸಿಕೊಂಡು ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ಕೈಗೆ ಕೊಟ್ಟರು.

ಗೊತ್ತಿದ್ದದ್ದು ಮರೆಯುವುದಕ್ಕೆ ಅರ್ಧ ಶತಮಾನ ಸಾಕಾಯಿತು. 1857ರ ದಂಗೆಯ ನಂತರ ಸರ್ಕಾರದ ಬೊಕ್ಕಸ ಸಾಲದಲ್ಲಿತ್ತು. 1859ರಲ್ಲಿ ಮದ್ರಾಸಿಗೆ ಗವರ್ನರ್ ಆಗಿ ಬಂದವನು ಸರ್ ಚಾರ್ಲ್ಸ್ ಟ್ರೆವೆಲ್ಯಾನ್. ಐರ್ಲೆಂಡಿನ ಆಲೂಗಡ್ಡೆ ಕ್ಷಾಮದಲ್ಲಿ ಲಂಡನ್ನಿನ ಖಜಾನೆಯ ಕೈ ಬಿಗಿಹಿಡಿದು ಹೆಸರು ಕೆಡಿಸಿಕೊಂಡವನು ಇವನೇ. ಖರ್ಚು ಕಡಿಮೆ ಮಾಡಬೇಕು, ಹೊಸ ತೆರಿಗೆ ಬೇಡ ಎನ್ನುವುದು ಅವನ ಹಟ. ಆ ಹಟದಲ್ಲೇ ಕಲ್ಕತ್ತೆಯ ಸರ್ಕಾರದ ತೆರಿಗೆ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿ 1860ರಲ್ಲಿ ಹುದ್ದೆ ಕಳೆದುಕೊಂಡ. ಅದೇ 1860ರ ಮಿತವ್ಯಯದಲ್ಲಿ ಅಮೃತಮಹಲ್ ಇಲಾಖೆ ಮುಚ್ಚಿತು. ಹಿಂಡುಗಳು ಮಾರಾಟವಾದವು.

ಕೊಂಡವರು ಯಾರು? ಒಳ್ಳೆಯ ದನಗಳನ್ನು ಕೊಂಡವರಲ್ಲಿ ಈಜಿಪ್ಟಿನ ಪಾಶಾನ ಹೆಸರು ಬರುತ್ತದೆ. ಕಡೂರು ಸೀಮೆಯ ಹುಲ್ಲು ಮೇದ ದನ ಸಮುದ್ರ ದಾಟಿ ನೈಲ್ ನದಿಯ ದೇಶಕ್ಕೆ ಹೊರಟ ಆ ಚಿತ್ರ ನನ್ನನ್ನು ಬಹಳ ದಿನ ಕಾಡಿದೆ. ಮಾರುವ ಸರ್ಕಾರಕ್ಕೆ ಅದು ಮೇವು, ಸಂಬಳದ ಲೆಕ್ಕದಲ್ಲಿ ಉಳಿತಾಯ. ಆರಿಸಿ ಕೊಂಡವರಿಗೆ ಅದು ಇನ್ನೂರು ವರ್ಷ ಆಯ್ದು ಬೆಳೆಸಿದ ತಳಿ. ಮಾರುವವನ ಪಟ್ಟಿಯಲ್ಲಿ ತಲೆಗಳ ಎಣಿಕೆಯಿತ್ತು, ಕೊಂಡವರ ಕಣ್ಣಲ್ಲಿ ಗುಣವಿತ್ತು. ಸಂತೆಯಲ್ಲಿ ಪಕ್ಕದ ಗೊಂತಿನವನು ನಮ್ಮ ಎತ್ತು ನೋಡುತ್ತಿದ್ದ ಕಣ್ಣೂ ಅಂಥದ್ದೇ.

ತಪ್ಪು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಸೈನ್ಯಕ್ಕೆ ಎತ್ತು ಬೇಕೇ ಬೇಕಾಗಿತ್ತು. ಅಂಥ ಎತ್ತು ಪೇಟೆಯಲ್ಲಿ ಸಿಗುತ್ತಿರಲಿಲ್ಲ. 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಲು ಹೊರಟರು. ಚದುರಿಹೋದ ತಳಿಯನ್ನು ಹುಡುಕಿ ಕೂಡಿಸಬೇಕಾಯಿತು. ಹಿಂಡು ಮತ್ತೆ ಬೆಳೆಯಿತು, ನಿಜ. ಆದರೆ ಹರಾಜಿನಲ್ಲಿ ಹೋದ ಅತ್ಯುತ್ತಮ ಹಸುವಿನ ಮೊಮ್ಮಗಳು ಯಾವ ಊರಲ್ಲಿ ಕರು ಹಾಕಿತು ಎಂದು ಯಾವ ಕಡತವೂ ಹೇಳಲಾರದು. 1880ರ ದಶಕದಲ್ಲಿ ಹಿಂಡುಗಳು ಮೈಸೂರು ಸರ್ಕಾರದ ಕೈ ಸೇರಿದವು. 1923ರಲ್ಲಿ ಸೇನಾ ಇಲಾಖೆಯಿಂದ ಕೃಷಿ ಇಲಾಖೆಗೆ ಬಂದವು. ಹಿಂದೆ ತರೀಕೆರೆ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಅಜ್ಜಂಪುರ ಈ ತಳಿಯ ಮುಖ್ಯ ನೆಲೆಯಾಯಿತು.

ಕೆಲವು ವರ್ಷಗಳ ಹಿಂದೆ ಅಜ್ಜಂಪುರದ ಹರಾಜು ನೋಡಲು ಹೋಗಿದ್ದೆ. ಹಾವೇರಿ, ಶಿವಮೊಗ್ಗ, ದಾವಣಗೆರೆ ಕಡೆಯ ರೈತರು ವಾಹನ ಮಾಡಿಕೊಂಡು ಬಂದಿದ್ದರು. ಹೋರಿ ಬೆದರಿಸುವ ಹಬ್ಬಕ್ಕೆ ಅಮೃತಮಹಲ್ ಹೋರಿಯೇ ಬೇಕು ಎನ್ನುವವರು ಅವರಲ್ಲಿ ಅನೇಕರು. ಒಂದು ಜೋಡಿಗೆ ಕೂಗು ಏರುತ್ತಾ ಹೋದಾಗ ಪಕ್ಕದಲ್ಲಿದ್ದ ಮುದುಕರೊಬ್ಬರು ತಾವು ಕೊಳ್ಳುವವರೇ ಅಲ್ಲದಿದ್ದರೂ ಉಸಿರು ಬಿಗಿಹಿಡಿದಿದ್ದರು. ಕೊಂಡವರಿಗೆ ಹೋರಿಯನ್ನು ವಾಹನಕ್ಕೆ ಹತ್ತಿಸುವುದು ಹರಾಜಿಗಿಂತ ಕಷ್ಟವಾಯಿತು.

ನಾನು ಗಮನಿಸಿದ್ದು ಒಂದು ಸಂಗತಿ. ಅಂದು ಹರಾಜಿಗೆ ಬಂದದ್ದು ಹೋರಿಕರುಗಳು. ಹಸುಗಳೂ ಬೀಜದ ಹೋರಿಗಳೂ ಕಾವಲಿನಲ್ಲೇ ಇದ್ದವು. ಫಸಲು ಮಾರುವುದು ಬೇರೆ, ಬಿತ್ತನೆ ಮಾರುವುದು ಬೇರೆ. ಫಸಲು ಅಗ್ಗಕ್ಕೆ ಹೋದರೆ ಒಂದು ವರ್ಷದ ನಷ್ಟ. 1860ರಲ್ಲಿ ಮಾರಿದ್ದು ಬಿತ್ತನೆಯನ್ನು.

ಈಗ ಪ್ರಶ್ನೆ ದನಕ್ಕಿಂತ ಹೆಚ್ಚಾಗಿ ನೆಲದ್ದು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳು ಸಾಗುವಳಿಗೆ, ಊರುಗಳಿಗೆ, ಯೋಜನೆಗಳಿಗೆ ಹಂಚಿಹೋಗಿವೆ. ಚಳ್ಳಕೆರೆಯ ಬಳಿ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಭೂಮಿಯಿಲ್ಲದವನಿಗೆ ಎರಡು ಎಕರೆ ಸಿಕ್ಕಿದ್ದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಕಡತದಲ್ಲಿ ಹುಲ್ಲುಗಾವಲನ್ನು ‘ಖಾಲಿ ಜಾಗ’ ಎಂದು ಬರೆಯುವ ಕೈ ಕಂಡಾಗ ಟ್ರೆವೆಲ್ಯಾನನ ಕಾಲದ ಲೆಕ್ಕದ ಪುಸ್ತಕ ನೆನಪಾಗುತ್ತದೆ. ಕಡೂರು ತಾಲೂಕಿನ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಿತ ಪ್ರದೇಶವಾಗಿ ಉಳಿದುಕೊಂಡಿತು. ಅಲ್ಲಿ ಈಗ ಕೃಷ್ಣಮೃಗಗಳಿಗೂ ಜಾಗವಿದೆ.

ಅಜ್ಜ ಮುಂದೆ ಬೇರೆ ಎತ್ತು ಕಟ್ಟಿದರು, ಚೆನ್ನಾಗಿಯೇ ಉತ್ತರು. ಆದರೆ ಸಂತೆಗೆ ಹೋದಾಗಲೆಲ್ಲ ಸಂಜೆಯಾಗುವ ಮುಂಚೆಯೇ ಮನೆಗೆ ಹೊರಡುತ್ತಿದ್ದರು. ಮಾರಾಟವಾಗಲಿ ಬಿಡಲಿ, ಎತ್ತು ಹೊಡೆದುಕೊಂಡು ಬರುತ್ತಿದ್ದರು.