ಎಡೆದೊರೆ ನಾಡಿನ ಧರ್ಮಕೇಂದ್ರಗಳು: ಗುರುಗಳು, ಶ್ರೀಸಾಮಾನ್ಯರು ಮತ್ತು ಗಡಿ ದಾಟುವ ಕೆಲಸ

ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದರ ಹಿಂದೊಂದು ಬರುತ್ತವೆ. ಕೃಷ್ಣೆ ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನ ಈ ಊರುಗಳ ಕಥೋಲಿಕರು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದವರು. ಸಂಖ್ಯೆಯಲ್ಲಿ ಸಣ್ಣ ಸಮುದಾಯ. ಬಹುಪಾಲು ದಲಿತರು, ಕೂಲಿಕಾರರು, ತುಂಡು ಹೊಲದ ರೈತರು. ಧರ್ಮಗುರುಗಳೂ ಶ್ರೀಸಾಮಾನ್ಯರೂ ಕೂಡಿ ದುಡಿಯಬೇಕು, ನೆರೆಯ ಧರ್ಮಕೇಂದ್ರಗಳು ಒಂದಕ್ಕೊಂದು ಒತ್ತಾಸೆಯಾಗಬೇಕು ಎಂಬ ಮಾತು ಕಥೋಲಿಕ ಧರ್ಮಸಭೆಯಲ್ಲಿ ಅರವತ್ತು ವರ್ಷಗಳಿಂದ ಕೇಳಿಬರುತ್ತಿದೆ. ಇದು ರೋಮಿನಿಂದ ಇಳಿದುಬಂದ ಹೊಸ ಯೋಜನೆ, ಬಡ ಹಳ್ಳಿಗಳಿಗೆ ನಿಧಾನವಾಗಿ ತಲುಪಬೇಕಾದದ್ದು ಎಂದು ತಿಳಿಯುವವರೇ ಹೆಚ್ಚು. ನನ್ನ ತಿಳಿವಳಿಕೆ ಬೇರೆ. ಶ್ರೀಸಾಮಾನ್ಯರ ಪಾಲುಗಾರಿಕೆ ಈ ನೆಲದಲ್ಲಿ ಹಳೆಯದು. ಇಲ್ಲಿ ಕೊರತೆಯಿರುವುದು ಎರಡಕ್ಕೆ: ಜನ ಬದುಕುವ ಮತ್ತು ಓಡಾಡುವ ರೀತಿಗೆ ಹೊಂದುವಂತೆ ಧರ್ಮಕೇಂದ್ರಗಳ ನಡುವಿನ ಗೆರೆ ದಾಟುವ ವ್ಯವಸ್ಥೆಗೆ, ಮತ್ತು ದುಡಿಯುವವರಿಗೆ ಮಾತಿನ ಹಕ್ಕನ್ನೂ ಕೊಡುವ ಮನಸ್ಸಿಗೆ.

ಈ ಸೀಮೆಯಲ್ಲಿ ಕಥೋಲಿಕ ವಿಶ್ವಾಸದ ಹಳೆಯ ಬೇರು ಇರುವುದು ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ. ಅಲ್ಲಿಯ ಚರ್ಚು 1557ಕ್ಕೂ ಮುಂಚಿನದು, ಯೇಸುಸಭೆಯವರು ಕಟ್ಟಿಸಿದ್ದು ಎಂಬುದು ಪ್ರಚಲಿತವಾದ ಚರಿತ್ರೆ. ಗೋವೆಯಿಂದ ಬಂದ ಮಿಷನರಿಯಿಂದ ದೀಕ್ಷೆ ಪಡೆದವರ ವಂಶಸ್ಥರು ಮುದಗಲ್ಲಿನಲ್ಲಿ ನೆಲೆಸಿರುವುದನ್ನು ಬ್ರಿಟಿಷ್ ಕಾಲದ ಇಂಪೀರಿಯಲ್ ಗೆಜೆಟಿಯರ್ ಕೂಡ ದಾಖಲಿಸಿದೆ. ಇಸವಿ ತುಸು ಹಿಂದುಮುಂದಾದರೂ ಈ ವಾದಕ್ಕೆ ಬಾಧಕವಿಲ್ಲ; ಮುಖ್ಯವಾದದ್ದು ಆಮೇಲಿನ ಕಥೆ. ಬಿಜಾಪುರದ ಆದಿಲಶಾಹಿಗಳು ಹೋದರು, ಮೊಘಲರು ಬಂದರು, ನಿಜಾಮರ ಆಳ್ವಿಕೆ ನೆಲೆಯಾಯಿತು. ಪೋರ್ಚುಗೀಸ್ ಸರ್ಕಾರ 1759ರಲ್ಲಿ ತನ್ನ ಸೀಮೆಗಳಿಂದ ಯೇಸುಸಭೆಯವರನ್ನು ಹೊರಹಾಕಿತು, 1773ರಲ್ಲಿ ಪೋಪರು ಆ ಸಂಸ್ಥೆಯನ್ನೇ ರದ್ದು ಮಾಡಿದರು, ಮುಂದೆ 1834ರಲ್ಲಿ ಪೋರ್ಚುಗಲ್ ಉಳಿದ ಸನ್ಯಾಸಿ ಸಂಸ್ಥೆಗಳನ್ನೂ ಮುಚ್ಚಿಸಿತು. ಗೋವೆಯನ್ನೇ ನಂಬಿದ್ದ ದೂರದ ಊರುಗಳಿಗೆ ಇವು ಒಂದರ ಮೇಲೊಂದು ಬಿದ್ದ ಪೆಟ್ಟುಗಳು. ಆದರೂ ಮುದಗಲ್ಲಿನ ಸಮುದಾಯ ಅಳಿಯಲಿಲ್ಲ. ಗುರುಗಳು ಬರುವುದು ಹೋಗುವುದು ಇಷ್ಟು ಅನಿಶ್ಚಿತವಾಗಿದ್ದ ಕಾಲದಲ್ಲಿ ಜಪ ಕಲಿಸಿದವರು, ಸಾಯುವವರ ಪಕ್ಕ ಕೂತವರು, ಹಬ್ಬದ ದಿನ ಮರೆಯದಂತೆ ನೋಡಿಕೊಂಡವರು ಮನೆಮಂದಿಯಲ್ಲದೆ ಬೇರೆ ಯಾರು ಇರಲು ಸಾಧ್ಯ? ಕರ್ನಾಟಕದ ಇನ್ನೊಂದು ಮೂಲೆಯ ಅನುಭವವೂ ಇದನ್ನೇ ಹೇಳುತ್ತದೆ. 1784ರಿಂದ ಟಿಪ್ಪುವಿನ ಸೆರೆಯಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಕರಾವಳಿಯ ಕಥೋಲಿಕರು 1799ರ ನಂತರ ಊರಿಗೆ ಮರಳಿ ಚರ್ಚುಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಹದಿನೈದು ವರ್ಷ ವಿಶ್ವಾಸವನ್ನು ಹೊತ್ತವರು ಶ್ರೀಸಾಮಾನ್ಯರೇ.

ಹಳ್ಳಿಯ ಮಟ್ಟದಲ್ಲಿ ಈ ಹೊಣೆಗೆ ಒಂದು ಹುದ್ದೆಯ ರೂಪ ಕೊಟ್ಟವನು ಉಪದೇಶಿ. ಒಬ್ಬ ಗುರುವಿನ ಪಾಲಿಗೆ ಹತ್ತಾರು ಹಳ್ಳಿಗಳಿರುವ ಕಡೆ ಬಲಿಪೂಜೆ ಎಂದೋ ಒಮ್ಮೆ ಸಿಗುತ್ತದೆ. ವಾರವಾರದ ಪ್ರಾರ್ಥನೆ, ಮಕ್ಕಳ ಧರ್ಮಬೋಧೆ, ರೋಗಿಗಳ ಭೇಟಿ, ಜಗಳದ ಪಂಚಾಯ್ತಿ ಎಲ್ಲವೂ ಉಪದೇಶಿಯ ಪಾಲು. ಭಾರತದ ಮಿಷನ್ ಚರಿತ್ರೆಯನ್ನು ಬಿಷಪ್ಪರ, ಮಿಷನರಿಗಳ ಹೆಸರಿನಲ್ಲಿ ಬರೆಯುತ್ತೇವೆ. ಉಪದೇಶಿಗಳ ಹೆಸರು ದಾಖಲಾಗಿರುವುದು ಅಪರೂಪ. ಇದು ಬರವಣಿಗೆಯ ಲೋಪ ಮಾತ್ರವಲ್ಲ. ಅವರ ದುಡಿಮೆಯನ್ನು ಬಳಸಿಕೊಂಡು ಅವರ ಮಾತನ್ನು ಬದಿಗಿಟ್ಟ ಪದ್ಧತಿಯ ಗುರುತು. ಉಪದೇಶಿಯ ಸಂಬಳ, ವರ್ಗಾವಣೆ, ವಜಾ ಎಲ್ಲ ಗುರುಗಳ ಕೈಯಲ್ಲಿದ್ದಾಗ ಆತ ಸಹಾಯಕನಾಗಿಯೇ ಉಳಿದ. ಪೋಪ್ ಫ್ರಾನ್ಸಿಸ್ 2021ರ ಮೇ 10ರಂದು ಉಪದೇಶಿಯ ಸೇವೆಯನ್ನು ವಿಧಿವತ್ತಾಗಿ ಸ್ಥಾಪಿತವಾದ ಸೇವಾಪದವಿಯಾಗಿ ಘೋಷಿಸಿದಾಗ, ನೂರಾರು ವರ್ಷಗಳ ಸಾಲದಲ್ಲಿ ಒಂದು ಕಂತು ತೀರಿದಂತಾಯಿತು.

1949ರ ಮಾರ್ಚಿನಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಮೊದಲ ಧರ್ಮಾಧ್ಯಕ್ಷರು ಫ್ರಾನ್ಸಿಸ್ಕನ್ ಸಂಸ್ಥೆಯ ಜಾನ್ ಫಾರೆಸ್ಟ್ ಹೋಗನ್. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ಹೈದರಾಬಾದ್ ಸೀಮೆಯಲ್ಲಿತ್ತು. 1956ರಲ್ಲಷ್ಟೇ ಎರಡೂ ಒಂದು ರಾಜ್ಯದೊಳಗೆ ಬಂದವು. ಅದರ ಬೆನ್ನಿಗೇ 1962ರಿಂದ 1965ರವರೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆಯಿತು. ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬರೂ ಧರ್ಮಸಭೆಯ ಕಾರ್ಯಕ್ಕೆ ಕರೆಯಲ್ಪಟ್ಟವರು ಎಂದು ಅದು ಸಾರಿತು, ಶ್ರೀಸಾಮಾನ್ಯರ ಪ್ರೇಷಿತಕಾರ್ಯಕ್ಕೆಂದೇ ಒಂದು ಆಜ್ಞಾಪತ್ರವನ್ನು ಹೊರಡಿಸಿತು. ಪೂಜೆ ಕನ್ನಡಕ್ಕೆ ಬಂತು. 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಬೈಬಲ್, ಧರ್ಮಬೋಧೆ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರ ತೆರೆಯಿತು. 1969ರಲ್ಲಿ ಅದೇ ನಗರದಲ್ಲಿ ಭಾರತದ ಧರ್ಮಸಭೆಯ ಅಖಿಲ ಭಾರತ ವಿಚಾರಸಂಕಿರಣ ನಡೆದು, ಧರ್ಮಾಧ್ಯಕ್ಷರು, ಗುರುಗಳು, ಭಗಿನಿಯರು, ಶ್ರೀಸಾಮಾನ್ಯರು ಒಂದೇ ಸೂರಿನಡಿ ಚರ್ಚಿಸಿದರು. 1983ರ ಧರ್ಮಸಭಾ ಕಾನೂನು ಸಂಹಿತೆ ಈ ಆಶಯಕ್ಕೆ ಚೌಕಟ್ಟು ಹಾಕಿತು: ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯ, ಪಾಲನಾ ಪರಿಷತ್ತು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟದ್ದು. ನೆರೆಯ ಧರ್ಮಕೇಂದ್ರಗಳನ್ನು ವಲಯವಾಗಿ ಕೂಡಿಸಲು, ವಲಯದ ಮುಖ್ಯಗುರು ಅಲ್ಲಿನ ಪಾಲನಾ ಕೆಲಸವನ್ನು ಒಗ್ಗೂಡಿಸಲು ಅದೇ ಸಂಹಿತೆ ದಾರಿ ಮಾಡಿತು. 1988ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಇನ್ನೂ ಮುಂದೆ ಹೋಗಿ, ಒಂದೇ ಪ್ರದೇಶದ ಧರ್ಮಕೇಂದ್ರಗಳ ನಡುವೆ ಸಾಂಸ್ಥಿಕ ಮಟ್ಟದ ಸಹಕಾರವನ್ನೂ ಬೆಳೆಸಬೇಕೆಂದರು. 1990ರಲ್ಲಿ ಬಾಂಡುಂಗಿನಲ್ಲಿ ಸೇರಿದ ಏಷ್ಯಾದ ಧರ್ಮಾಧ್ಯಕ್ಷರು ಧರ್ಮಸಭೆಯನ್ನು ಸಮುದಾಯಗಳ ಕೂಟವಾಗಿ ಕಟ್ಟಬೇಕೆಂದಾಗ ಕಿರು ಕ್ರೈಸ್ತ ಸಮುದಾಯಗಳ ಆಂದೋಲನಕ್ಕೆ ಬಲ ಬಂತು. ಇಷ್ಟಾದರೂ ಸಮಿತಿಗಳೆಲ್ಲ ಒಂದು ಧರ್ಮಕೇಂದ್ರದ ಗಡಿಯೊಳಗೇ ಹುಟ್ಟಿದವು. ನೆರೆಯವರ ಜೊತೆಗಿನ ಸಹಕಾರ ಗುರುಗಳ ಮಾಸಿಕ ಸಭೆಗೆ ಸೀಮಿತವಾಗಿ ಉಳಿಯಿತು. ವಲಯವೆಂದರೆ ಗುರುಗಳ ವಲಯ, ಜನರ ವಲಯವಲ್ಲ.

ಆದರೆ ಎಡೆದೊರೆಯ ಜನಜೀವನ ಅಷ್ಟರಲ್ಲಿ ಗಡಿಗಳನ್ನು ಮೀರಿತ್ತು. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಸಿಂಧನೂರಿನ ಎರೆಮಣ್ಣು ಭತ್ತದ ಗದ್ದೆಯಾಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರ ಪೈಕಿ ತೆಲುಗು ಮಾತಾಡುವ ಕ್ರೈಸ್ತರೂ ಇದ್ದರು. ಮಸ್ಕಿ, ಲಿಂಗಸುಗೂರಿನ ಬಹುಭಾಗ ಮಾತ್ರ ಮಳೆಯನ್ನೇ ನೆಚ್ಚಿಕೊಂಡಿತು. ಒಣಭೂಮಿಯ ಕೂಲಿಯವರು ನಾಟಿಗೆ, ಕೊಯ್ಲಿಗೆ ನೀರಾವರಿ ಸೀಮೆಗೆ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಗೋವೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತಾರೆ. ಮಸ್ಕಿ ಹೊಸ ತಾಲೂಕಾದಾಗ ಸರ್ಕಾರವೇ ಹಳೆಯ ತಾಲೂಕುಗಳ ಹಳ್ಳಿಗಳನ್ನು ಹತ್ತಿರದ ಪೇಟೆಯ ಸುತ್ತ ಮರುಜೋಡಿಸಿತು. ಹೀಗಿರುವಾಗ ಒಂದು ಹಳ್ಳಿಯ ಕುಟುಂಬ ಮಳೆಗಾಲದಲ್ಲಿ ಒಂದು ಧರ್ಮಕೇಂದ್ರದ್ದು, ಚಳಿಗಾಲದಲ್ಲಿ ಇನ್ನೊಂದರ ಗಡಿಯೊಳಗೆ, ಬೇಸಿಗೆಯಲ್ಲಿ ಮಹಾನಗರದ ಶೆಡ್ಡಿನಲ್ಲಿ. ಇಲ್ಲಿ ಸಂಹಿತೆಯ ಒಂದು ವಿಧಿ ಬಹಳ ಉಪಯುಕ್ತ, ಬಹಳ ಕಡಿಮೆ ಜನಕ್ಕೆ ಗೊತ್ತಿರುವುದು. ಒಂದು ಧರ್ಮಕೇಂದ್ರದ ಗಡಿಯಲ್ಲಿ ಮೂರು ತಿಂಗಳು ನೆಲೆಸಿದವರು, ಮೂಲ ಊರಿನ ನಂಟು ಕಳೆದುಕೊಳ್ಳದೆಯೇ, ಅಲ್ಲಿಯ ಧರ್ಮಗುರುವನ್ನೂ ತಮ್ಮ ಗುರುವಾಗಿ ಪಡೆಯುತ್ತಾರೆ. ಎಂದರೆ ಗುಳೆ ಹೋದ ಕುಟುಂಬಕ್ಕೆ ಅಲ್ಲಿ ಮಗುವಿನ ದೀಕ್ಷೆ ಕೇಳುವ, ಮದುವೆಗೆ ಅರ್ಜಿ ಹಾಕುವ, ಸಾವು ಬಂದರೆ ಸಂಸ್ಕಾರ ಪಡೆಯುವ ಹಕ್ಕಿದೆ. ಹಕ್ಕು ಕಾಗದದಲ್ಲಿ ಉಳಿಯದಿರಲು ಬೇಕಾದದ್ದು ಊರಿನ ರಿಜಿಸ್ಟರಿನಿಂದ ದೀಕ್ಷಾಪತ್ರ, ಒಂದು ಪರಿಚಯ ಚೀಟಿ, ಆ ಕಡೆ ಕನ್ನಡದಲ್ಲಿ ಮಾತಾಡಿಸುವ ಒಬ್ಬರು. ಇಷ್ಟನ್ನು ಮೂರು ಊರಿನ ಗುರುಗಳು ಒಬ್ಬೊಬ್ಬರೇ ಮಾಡಲಾರರು. ಯಾವ ಓಣಿಯ ಯಾರು ಯಾವ ಮೇಸ್ತ್ರಿಯ ಹಿಂದೆ ಎಲ್ಲಿಗೆ ಹೋದರು ಎಂಬುದು ಉಪದೇಶಿಗೆ, ಸ್ವಸಹಾಯ ಸಂಘದ ಹೆಂಗಸರಿಗೆ ಗೊತ್ತು. ಹಾಗಾಗಿ ಧರ್ಮಕೇಂದ್ರಗಳ ನಡುವಿನ ಸಹಕಾರವನ್ನು ಕಟ್ಟಬೇಕಾದವರು ಶ್ರೀಸಾಮಾನ್ಯರೇ. ಗುರುಗಳ ಸಭೆ ಅದಕ್ಕೆ ಮುದ್ರೆ ಒತ್ತಬಹುದು, ಮೂಲವಾಗಲಾರದು.

ಇಂಥ ವ್ಯವಸ್ಥೆಗೆ ಮಾದರಿ ಇಲ್ಲದಿಲ್ಲ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಒಜಾನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಶ್ರೀಸಾಮಾನ್ಯರದೇ ಸಂಸ್ಥೆ. ಊರೂರಿನ ಘಟಕಗಳು ಮೇಲಿನ ಪರಿಷತ್ತಿನಲ್ಲಿ ಕೂಡಿ ಬಡವರ ನೆರವನ್ನು ಹಂಚಿಕೊಳ್ಳುತ್ತವೆ. ಚರ್ಚಿನಾಚೆಗೆ ನೋಡಿದರೆ, ಸಿಂಧನೂರಿಗೆ ಸಮೀಪದ ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯಲ್ಲಿ ಕೂಲಿ ಮಾಡುವ ದಲಿತ ಹೆಂಗಸರೇ ಹಳ್ಳಿ ಹಳ್ಳಿಗಳ ಸಂಘಗಳನ್ನು ಕೂಡಿಸಿ ಟೆರಾಕೋಟಾ ಆಭರಣಗಳ ಕೆಲಸದಿಂದ ಮಕ್ಕಳ ಶಾಲೆಯವರೆಗೆ ನಡೆಸಿದ್ದಾರೆ.

ಈ ಮಾತಿಗೆ ಮೊದಲ ಆಕ್ಷೇಪ: ನಮ್ಮ ಜನಕ್ಕೆ ಓದು ಕಡಿಮೆ, ದಿನಗೂಲಿ ಬಿಟ್ಟು ಸಭೆಗೆ ಬರುವವರು ಯಾರು, ಲೆಕ್ಕಪತ್ರ ನೋಡುವವರು ಯಾರು? ಕಾಳಜಿಯಿಂದ ಹುಟ್ಟಿದ ಪ್ರಶ್ನೆಯಾದರೂ ವಾಸ್ತವ ಇದನ್ನು ಒಪ್ಪುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಇದೇ ಓಣಿಗಳ ಗಂಡಸರು, ಹೆಂಗಸರು ಮೀಸಲು ಸ್ಥಾನಗಳಲ್ಲಿ ಗೆದ್ದು ಗ್ರಾಮ ಪಂಚಾಯ್ತಿಯಲ್ಲಿ ಕೂತಿದ್ದಾರೆ. ಸ್ತ್ರೀಶಕ್ತಿ ಸಂಘಗಳಲ್ಲಿ ವಾರದ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಇಡುತ್ತಿದ್ದಾರೆ. ಸರ್ಕಾರದ ಹಣ ನೋಡಿಕೊಳ್ಳಬಲ್ಲವಳು ಚರ್ಚಿನ ಹುಂಡಿಯ ಲೆಕ್ಕ ನೋಡಲಾರಳು ಎಂಬುದು ವಾದವಲ್ಲ, ಅಭ್ಯಾಸ. ಸಭೆಯ ಹೊತ್ತನ್ನು ಕೂಲಿಯವರ ಹೊತ್ತಿಗೆ ಹೊಂದಿಸುವುದು, ಬಸ್ಸಿನ ಖರ್ಚು ಕೊಡುವುದು ಇಂಥ ಸಣ್ಣ ಕೆಲಸಗಳಿಂದ ಅರ್ಧ ತೊಡಕು ನೀಗುತ್ತದೆ.

ಎರಡನೆಯದು ಕಾನೂನಿನ ಆಕ್ಷೇಪ: ಪಾಲನಾ ಪರಿಷತ್ತಿಗೆ ಸಲಹೆಯ ಅಧಿಕಾರ ಮಾತ್ರ, ತೀರ್ಮಾನ ಗುರುವಿನದು. ನಿಜ. ಆದರೆ ಸಲಹೆ ಕೇಳಲೇಬೇಕೆಂದು ಕಾನೂನು ಹೇಳಿದ ಕಡೆ ಕೇಳದೆ ಮಾಡಿದ ಕಾರ್ಯ ಅಸಿಂಧುವೆಂದೂ, ಎಲ್ಲರೂ ಒಮ್ಮತದಿಂದ ಹೇಳಿದ್ದನ್ನು ಬಲವಾದ ಕಾರಣವಿಲ್ಲದೆ ಮೀರಬಾರದೆಂದೂ ಅದೇ ಸಂಹಿತೆ ಹೇಳುತ್ತದೆ. ಪೋಪ್ ಹದಿನಾರನೆಯ ಬೆನೆಡಿಕ್ಟ್ 2009ರಲ್ಲಿಯೇ ಶ್ರೀಸಾಮಾನ್ಯರನ್ನು ಗುರುಗಳ ಸಹಾಯಕರೆಂದು ಕಾಣುವುದನ್ನು ಬಿಟ್ಟು ಹೊಣೆಯಲ್ಲಿ ಸಮಭಾಗಿಗಳೆಂದು ಒಪ್ಪಬೇಕೆಂದರು. 2024ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಮುಗಿದ ಧರ್ಮಾಧ್ಯಕ್ಷರ ಸಿನೋಡಿನ ಅಂತಿಮ ದಾಖಲೆ ಇಂಥ ಪರಿಷತ್ತುಗಳು ಕಡ್ಡಾಯವಾಗಬೇಕೆಂದು ಒತ್ತಾಯಿಸಿದೆ. ಕಾನೂನನ್ನು ಅಡ್ಡ ಹಿಡಿಯುವವರು ಅದನ್ನು ಪೂರ್ತಿ ಓದಬೇಕು. ಇನ್ನು ಕೆಲವರಿಗೆ ಯೂರೋಪಿನಂತೆ ಇಲ್ಲಿಯೂ ಚರ್ಚುಗಳನ್ನು ಕೂಡಿಸಿ ಮುಚ್ಚಿಬಿಡುತ್ತಾರೆಂಬ ಭಯ. ಅಲ್ಲಿ ಗುರುಗಳೂ ಆರಾಧಕರೂ ಕಡಿಮೆಯಾದದ್ದರಿಂದ ಕೂಡಿಕೆ ಬಂತು. 2020ರ ರೋಮಿನ ಸೂಚನೆಯೂ ಗುರುಗಳ ಕೊರತೆಯೊಂದನ್ನೇ ನೆಪವಾಗಿಟ್ಟು ಧರ್ಮಕೇಂದ್ರಗಳನ್ನು ರದ್ದು ಮಾಡಬಾರದೆಂದು ಎಚ್ಚರಿಸಿದೆ. ನಮ್ಮಲ್ಲಿ ಬೇಕಾದದ್ದು ಒಂದಾಗಿ ಕರಗುವುದಲ್ಲ, ಒಬ್ಬರ ಜನವನ್ನು ಇನ್ನೊಬ್ಬರು ತಮ್ಮವರೆಂದು ನೋಡಿಕೊಳ್ಳುವುದು.

ಮೂರನೆಯ ಆಕ್ಷೇಪ ಅತ್ಯಂತ ಗಟ್ಟಿಯಾದದ್ದು, ಅದರ ಬಗ್ಗೆ ನಾವು ಪಿಸುಮಾತಿನಲ್ಲಿಯೇ ಮಾತಾಡುತ್ತೇವೆ. ಶ್ರೀಸಾಮಾನ್ಯರಿಗೆ ಅಧಿಕಾರ ಕೊಟ್ಟರೆ ಅದು ಜಾತಿಯ, ಹಣದ, ಒಂದೆರಡು ಮನೆತನದ ಕೈಗೆ ಹೋಗುತ್ತದೆ. ಗದ್ದೆಯ ಮಾಲೀಕ, ಅದೇ ಗದ್ದೆಯಲ್ಲಿ ನಾಟಿ ಹಚ್ಚುವವಳು ಒಂದೇ ಚರ್ಚಿನವರಾದಾಗ ಸಮಿತಿಯಲ್ಲಿ ಮಾತಾಡುವವರು ಯಾರು ಎಂದು ಹೇಳಬೇಕಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತ ಸಬಲೀಕರಣ ನೀತಿಯನ್ನು ಹೊರತಂದು ಧರ್ಮಸಭೆಯೊಳಗಿನ ಜಾತಿಭೇದವನ್ನು ಒಪ್ಪಿಕೊಂಡಿತು. ಅದರ ಮೇಲೆ ರಾಜ್ಯಾಂಗದ ತೊಡಕೂ ಇದೆ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಗೆ ಬರುವುದಿಲ್ಲ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕ ತಿದ್ದುಪಡಿ ಅವರಿಗೆ ಸಿಕ್ಕಿಲ್ಲ. ಚರ್ಚಿನ ಸಮಿತಿಯಲ್ಲಿ ಹೆಸರು ಬರೆಸುವುದಕ್ಕೂ ಅಂಜುವ ಬಡವರಿದ್ದರೆ ಅದನ್ನು ವಿಶ್ವಾಸದ ಕೊರತೆ ಎನ್ನುವುದು ಅನ್ಯಾಯ. ಆದರೂ ಈ ಆಕ್ಷೇಪದಿಂದ ಹೊರಡುವ ತೀರ್ಮಾನ ಅಧಿಕಾರ ಗುರುಗಳಲ್ಲೇ ಇರಲಿ ಎಂಬುದಲ್ಲ. ಒಂದೇ ಊರಿನ ಸಮಿತಿಯನ್ನು ಒಂದು ಮನೆತನ ಹಿಡಿದಿಡಬಹುದು. ಮೂರು ಊರಿನವರು ಕೂತ ಸಮಿತಿಯನ್ನು ಹಿಡಿಯುವುದು ಕಷ್ಟ. ಅವಧಿಗೆ ಮಿತಿ, ಹೆಂಗಸರಿಗೆ ಮತ್ತು ಕೂಲಿಕಾರರಿಗೆ ಅರ್ಧಕ್ಕಿಂತ ಹೆಚ್ಚು ಸ್ಥಾನ, ನೆರೆಯ ಊರಿನವರಿಂದ ಲೆಕ್ಕ ತಪಾಸಣೆ, ಕನ್ನಡ ತೆಲುಗು ಎರಡರಲ್ಲೂ ಚರ್ಚೆ, ಇವು ಇದ್ದರೆ ನೆರೆಹೊರೆಯ ಕೂಡಾಟವೇ ಜಾತಿಯ ಹಿಡಿತಕ್ಕೆ ಔಷಧಿಯಾದೀತು. ಗುರುಗಳು ನಾಲ್ಕೈದು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಕೆಲಸದ ನೆನಪು ಉಳಿಯುವುದು ಜನರಲ್ಲಿ.

ಎಡೆದೊರೆಯ ಗುರುಗಳಿಗೂ ಮುಖಂಡರಿಗೂ ನನ್ನ ವಿನಂತಿ ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಹೊಸ ಸಂಘದ ಉದ್ಘಾಟನೆಯೂ ಬೇಡ. ಈ ಸುಗ್ಗಿ ಮುಗಿದು ಗುಳೆ ಹೊರಡುವ ಮುಂಚೆ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಉಪದೇಶಿಗಳು, ಸಂಘದ ಹೆಂಗಸರು, ಗುರುಗಳು ಒಂದು ಭಾನುವಾರ ಮಸ್ಕಿಯಲ್ಲಿ ಕೂತು, ಹೋಗುವ ಮನೆಗಳ ಒಪ್ಪಿಗೆ ಪಡೆದು, ಅವರ ದೀಕ್ಷಾಪತ್ರಗಳನ್ನೂ ಪರಿಚಯ ಚೀಟಿಗಳನ್ನೂ ಸಿದ್ಧಮಾಡಿ ಕೈಗೆ ಕೊಡಲಿ. ಮುಂಗಾರಿಗೆ ಅವರು ಮರಳಿದಾಗ ಅದೇ ಸಭೆ ಮತ್ತೆ ಸೇರಲಿ, ಆ ಸಭೆಗೆ ಗುಳೆ ಹೋಗಿ ಬಂದ ಒಬ್ಬ ಕೂಲಿಕಾರ್ತಿಯೇ ಅಧ್ಯಕ್ಷತೆ ವಹಿಸಲಿ.